“ಇನ್ನೂ ಓದು ಮುಗಿದಿಲ್ವಾ?”

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಜನವರಿಯ ಒಂದು ಸಂಜೆ ಮಡಿಕೇರಿಯ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಬಂದ ಅವರಿಗೆ 33 ವರ್ಷ. ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರ ಮಗಳು. ಲತಾ ಎನ್ನೋಣ. ಬೆಂಗಳೂರಿನಲ್ಲಿ ಪಿಎಚ್‌ಡಿ ಮುಗಿಸಿ ಜರ್ಮನಿಯಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ಸಂಶೋಧನೆ, ಮಾಡುತ್ತಿದ್ದಾರೆ. ಮಿದುಳಿನ ಅಲೆಗಳು ಹೇಗೆ ಹುಟ್ಟುತ್ತವೆ ಎಂದು ಗಣಿತ, ಕಂಪ್ಯೂಟರ್ ಹಿಡಿದು ಹುಡುಕುವ ಕೆಲಸ. ಅಮ್ಮನ ಮೊಣಕಾಲಿನ ಆಪರೇಷನ್ನಿಗೆ ಬಂದವರು ವಾಪಸ್ ಟಿಕೆಟನ್ನು ಎರಡು ಸಲ ಮುಂದಕ್ಕೆ ಹಾಕಿದ್ದರು.

ಮೊದಲು ನೆಂಟರ ಮಾತೇ ಬಂತು. ಮದುವೆ ಮನೆಗೆ ಹೋದರೆ “ಇನ್ನೂ ಓದು ಮುಗಿದಿಲ್ವಾ ಮಗಳೇ?” ಎಂಬ ಪ್ರಶ್ನೆ. ಪೋಸ್ಟ್‌ಡಾಕ್ ಓದಲ್ಲ, ಸಂಬಳದ ಕೆಲಸ. ಆದರೆ ಗುತ್ತಿಗೆಯದು, ಅವರದು ಇನ್ನು ಎಂಟು ತಿಂಗಳಿಗೆ ಮುಗಿಯುತ್ತದೆ. ನೋವಿನ ಬೇರು ಅಲ್ಲಿಲ್ಲ ಅನ್ನಿಸಿತು. ಸುಮ್ಮನೆ ಕಾದೆ.

ಆಮೇಲೆ ಬಾಯಿಬಿಟ್ಟರು. ತಲೆಗೆ ಎಲೆಕ್ಟ್ರೋಡ್ ಹಚ್ಚಿ ತೆಗೆದ ಇಇಜಿಯಲ್ಲಿ, ಅಂದರೆ ಮಿದುಳಿನ ಅಲೆಗಳ ದಾಖಲೆಯಲ್ಲಿ, ಮಿದುಳಿನ ದೂರದ ಎರಡು ಭಾಗಗಳ ಆಲ್ಫಾ ಅಲೆ, ಅಂದರೆ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಅಲೆ, ಒಂದೇ ತಾಳದಲ್ಲಿ ಕಂಡಿತ್ತು. ಎರಡೂ ಭಾಗ ಪರಸ್ಪರ ಮಾತಾಡುತ್ತಿವೆ ಎಂದು ನಂಬಿ ಒಂದೂವರೆ ವರ್ಷ ಮಾದರಿ ಕಟ್ಟಿದರು. ಕೊನೆಗೆ ನೋಡಿದರೆ, ಒಂದೇ ಮೂಲದಿಂದ ಹೊರಟ ವಿದ್ಯುತ್ತು ತಲೆಯೊಳಗೆ ಹರಡಿ ಎರಡೂ ಕಡೆಯ ಎಲೆಕ್ಟ್ರೋಡಿಗೆ ಏಕಕಾಲಕ್ಕೆ ಮುಟ್ಟುತ್ತಿತ್ತು. ಆ ಪಾಲು ಕಳೆದದ್ದೇ ತಡ, ನಂಟು ಮಾಯ. ಗೈಡಿಗೆ ಹೇಳಿರಲಿಲ್ಲ. ಮೂರು ವಾರದಿಂದ ರಾತ್ರಿ ಮೂರರವರೆಗೂ ಅದೇ ಲೆಕ್ಕವನ್ನು ಮತ್ತೆ ಮತ್ತೆ ಓಡಿಸುತ್ತಿದ್ದರು. ಊಟ ಸೇರುತ್ತಿರಲಿಲ್ಲ.

ಮಾತಿನ ನಡುವೆ ಹ್ಯಾನ್ಸ್ ಬರ್ಗರ್ ಹೆಸರು ಬಂತು. 1924ರಲ್ಲಿ ಮನುಷ್ಯನ ಮಿದುಳಿನ ಅಲೆಯನ್ನು ಮೊದಲು ದಾಖಲಿಸಿದ ಜರ್ಮನ್ ವೈದ್ಯ. ಅದು ನಿಜವೋ ಯಂತ್ರದ ದೋಷವೋ ಎಂಬ ಅನುಮಾನದಲ್ಲಿ 1929ರವರೆಗೆ ಪ್ರಕಟಿಸಲಿಲ್ಲ. “1941ರಲ್ಲಿ ಆತ್ಮಹತ್ಯೆ ಮಾಡಿಕೊಂಡ” ಎಂದು ಲತಾ ನೆಲ ನೋಡಿದರು.

ಇಂಥ ಮಾತನ್ನು ಚರಿತ್ರೆ ಎಂದುಕೊಂಡು ದಾಟಿಸಬಾರದು. “ನಿಮಗೂ ಸಾಯಬೇಕು ಅನ್ನಿಸ್ತಾ ಇದೆಯಾ?” ಎಂದು ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತೆ ಎಂದು ಹೆದರುವವರಿದ್ದಾರೆ. ಹಾಗಾಗುವುದಿಲ್ಲ, ಕೇಳಿದರೆ ಎದೆ ಹಗುರಾಗುತ್ತದೆ. “ಸಾಯ್ಬೇಕು ಅಂತಿಲ್ಲ ಮೇಡಂ, ಬೆಳಗ್ಗೆ ಏಳದಿದ್ರೂ ಪರವಾಗಿಲ್ಲ ಅನ್ಸುತ್ತೆ” ಎಂದರು. ಕಣ್ಣು ತುಂಬಿತ್ತು.

ಹಾಗಾಗಿ ಸಂಶೋಧನೆಯ ಮಾತನ್ನು ಬದಿಗಿಟ್ಟೆ. ಆ ವಾರವೇ ಮನೋವೈದ್ಯರನ್ನು ಕಾಣಬೇಕು, ಜೊತೆಗೆ ಅತ್ತಿಗೆ ಹೋಗಬೇಕು. ಮನೆಯಲ್ಲಿ ಅವರೊಬ್ಬರಿಗಾದರೂ ವಿಷಯ ತಿಳಿದಿರಲಿ ಎಂದು ಲತಾರನ್ನು ಒಪ್ಪಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ನನ್ನೆದುರೇ ಫೋನಿನಲ್ಲಿ ಸೇರಿಸಿಕೊಂಡರು. ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ಅತ್ತಿಗೆಯ ಕೋಣೆಗೆ. ಕೆಲಸ ಬಿಡುವುದೋ ಇರುವುದೋ, ನಿದ್ದೆ ಸರಿಹೋಗುವವರೆಗೆ ಆ ತೀರ್ಮಾನ ಬೇಡ.

ಎರಡನೆಯ ಭೇಟಿಗೆ ಮುಖ ಸ್ವಲ್ಪ ತಿಳಿಯಾಗಿತ್ತು. ಆಗ ಎರಡು ಕೆಲಸ ಕೊಟ್ಟೆ: ಆದದ್ದನ್ನು ಆದ ಹಾಗೆ ಗೈಡಿಗೆ ಬರೆಯುವುದು, ಅದಕ್ಕೂ ಮೊದಲು ಅಪ್ಪನಿಗೆ ಕನ್ನಡದಲ್ಲಿ ಹೇಳುವುದು. ಅಪ್ಪ ಬೈಯುತ್ತಾರೆಂದಲ್ಲ, ಅಪ್ಪನಿಗೆ ಅರ್ಥವಾಗುವುದೇ ಇಲ್ಲ ಎಂದು ಲತಾ ಹದಿನೈದು ವರ್ಷದಿಂದ ನಂಬಿದ್ದರು. ಆ ಒಂಟಿತನವೇ ನನ್ನನ್ನು ಹೆಚ್ಚು ಕಾಡಿದ್ದು.

ಅಪ್ಪ ಕಣದಲ್ಲಿ ಒಣಗಿದ ಕಾಫಿ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಬೇಳೆಯ ಸದ್ದು ಕೇಳುತ್ತಿದ್ದರಂತೆ. ಮಗಳ ಮಾತು ಮುಗಿಯುವವರೆಗೆ ತಲೆ ಎತ್ತಲಿಲ್ಲ. ಆಮೇಲೆ ಹೇಳಿದರಂತೆ: “ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೆ ಹೂ ಬಿಡ್ತದೆ. ಗಿಡಗಳು ಮಾತಾಡಿಕೊಂಡವು ಅಂತಲಾ? ಮಳೆ ಎಲ್ಲದಕ್ಕೂ ಬಿದ್ದದ್ದು. ನೀನು ಕಂಡುಹಿಡಿದದ್ದು ಮಳೆಯನ್ನ.”

ಗೈಡಿಗೆ ಪತ್ರ ಹೋದದ್ದು ಅದೇ ರಾತ್ರಿ, ಹತ್ತಕ್ಕೆ ಮೊದಲು. ಆ ತಪ್ಪು ಹೇಗೆ ನುಸುಳಿತು ಎಂಬುದನ್ನೇ ಬರೆದು ಕಳಿಸು ಎಂದು ಉತ್ತರ ಬಂದಿದೆ. ಮಾತ್ರೆ ನಡೆಯುತ್ತಿದೆ, ರಾತ್ರಿ ಆರು ತಾಸು ನಿದ್ದೆ ಬರುತ್ತಿದೆ. ಎಂಟು ತಿಂಗಳ ನಂತರ ಏನು ಎಂಬುದನ್ನು ನಾವಿನ್ನೂ ಮಾತಾಡಿಲ್ಲ.