ಯೆಲ್ಲೋನೈಫಿಗೆ ಬರುವ ಮುಂಚೆ

ನಮಸ್ಕಾರ. ನಿಮ್ಮ ಪತ್ರ ಓದಿದೆ. ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ಓದು ಮುಗಿದಿದೆ, ವರ್ಕ್ ಪರ್ಮಿಟ್ ಕರಗುತ್ತಾ ಬಂದಿದೆ, ಅಷ್ಟರಲ್ಲಿ ಕೆನಡಾದ ಉತ್ತರದ ನಾರ್ತ್‌ವೆಸ್ಟ್ ಟೆರಿಟರೀಸ್ ಪ್ರಾಂತ್ಯದ ರಾಜಧಾನಿ, ನಮ್ಮ ಯೆಲ್ಲೋನೈಫಿನ ಹೋಟೆಲೊಂದರಿಂದ ಕೆಲಸದ ಆಫರ್ ಬಂದಿದೆ, ಮನೆಯವರಿಗೆ ಐದು ತಿಂಗಳು, ಹೊರಡೋದೋ ಬೇಡವೋ ಅಂತ ಕೇಳಿದ್ದೀರಿ. ಚಳಿ, ಬಾಡಿಗೆ, ಊಟ, ಹೆರಿಗೆ ಎಲ್ಲ ವಿಚಾರಿಸಿ, ಕೊನೆಯಲ್ಲಿ ಒಂದು ಸಾಲು: "ಅಲ್ಲಿ ನೇಟಿವ್ಸ್ ಜಾಸ್ತಿಯಂತೆ, ಕುಡೀತಾರಂತೆ, ಅವರಿಗೆ ಎಲ್ಲ ಫ್ರೀ ಅಂತೆ. ಸೇಫಾ ಮೇಡಂ?" ಉಳಿದದ್ದಕ್ಕೆ ಬೇಗ ಉತ್ತರ ಹೇಳಿ ಮುಗಿಸುತ್ತೇನೆ. ಈ ಅಂತೆಕಂತೆಗೆ ಸ್ವಲ್ಪ ಹೊತ್ತು ಬೇಕು.

ಚಳಿಗೆ ಹೆದರಬೇಡಿ, ಹಾಗಂತ ಅಸಡ್ಡೆಯೂ ಬೇಡ. ಜನವರಿಯಲ್ಲಿ ಮೈನಸ್ 25 ಮಾಮೂಲು, ಮೈನಸ್ 40 ಆಗಾಗ ಬಂದು ಹೋಗುತ್ತದೆ. ನಿಮ್ಮ ಕಡೆಯದು ಒದ್ದೆ ಚಳಿ, ಮೂಳೆಗಿಳಿಯುತ್ತದೆ. ಇಲ್ಲಿಯದು ಒಣ ಚಳಿ, ನೇರ ಕೆನ್ನೆ ಸುಡುತ್ತದೆ. ಬೂಟು ಒಂದು ಸೈಜ್ ದೊಡ್ಡದೇ ತಗೊಳ್ಳಿ. ಬಿಗಿ ಬೂಟಿನೊಳಗೆ ಎರಡು ಜೊತೆ ಸಾಕ್ಸ್ ತುರುಕಿದರೆ ರಕ್ತ ಓಡಾಡದೆ ಬೆರಳು ಇನ್ನೂ ಬೇಗ ಮರಗಟ್ಟುತ್ತದೆ. ಇಲ್ಲಿನ ಕಾರುಗಳ ಮೂತಿಯಲ್ಲಿ ಒಂದು ಪ್ಲಗ್ ನೇತಾಡುತ್ತಿರುತ್ತದೆ, ಅದು ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರಿನದು. ರಾತ್ರಿ ಕರೆಂಟಿಗೆ ಸಿಕ್ಕಿಸಲು ಮರೆತರೆ ಬೆಳಿಗ್ಗೆ ಎಂಜಿನ್ ಕೆಮ್ಮುವುದೂ ಇಲ್ಲ. ಸ್ಟಾರ್ಟ್ ಆದರೂ, ನಿಂತ ಜಾಗದಲ್ಲೇ ಟಯರಿನ ತಳ ಚಪ್ಪಟೆಯಾಗಿ ಹೆಪ್ಪುಗಟ್ಟಿರುತ್ತದಲ್ಲ, ಮೊದಲ ಐದು ನಿಮಿಷ ಕಾರು ಕಲ್ಲುದಾರಿಯ ಎತ್ತಿನಗಾಡಿಯ ಹಾಗೆ ದಡಬಡ ಅನ್ನುತ್ತದೆ.

ನನ್ನ ಮಟ್ಟಿಗೆ ಚಳಿಗಿಂತ ಕಷ್ಟ ಕತ್ತಲು. ಡಿಸೆಂಬರಿನಲ್ಲಿ ಹತ್ತರ ಸುಮಾರಿಗೆ ಬೆಳಗಾಗಿ ಮೂರಕ್ಕೆ ಸಂಜೆ. ಜೂನಿನಲ್ಲಿ ಇದರ ತದ್ವಿರುದ್ಧ, ರಾತ್ರಿ ಹನ್ನೊಂದು ದಾಟಿದರೂ ಸೂರ್ಯ ಇಳಿಯುವ ಮನಸ್ಸು ಮಾಡುವುದಿಲ್ಲ. ಮಗುವನ್ನು ಮಲಗಿಸಲು ಕಿಟಕಿಗೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸುವುದನ್ನು ನೀವೂ ಕಲಿಯುತ್ತೀರಿ.

ಬಾಡಿಗೆ ದುಬಾರಿ, ಮನೆ ಸಿಗುವುದೇ ಕಷ್ಟ. ತರಕಾರಿಗೆ ಬ್ರಾಂಪ್ಟನ್ ಬೆಲೆ ಮರೆತುಬಿಡಿ. ಸೋನಾ ಮಸೂರಿ, ರಾಗಿ ಹಿಟ್ಟು, ಬೇಳೆ ಎಲ್ಲ ದಕ್ಷಿಣದ ದೊಡ್ಡ ನಗರ ಎಡ್ಮಂಟನ್‌ನಿಂದ ಮೂಟೆಗಟ್ಟಲೆ ತರುತ್ತೇವೆ, ಯಾರಾದರೂ ಹೊರಟರೆ ನಾಲ್ಕು ಮನೆಯ ಪಟ್ಟಿ ಅವರ ಜೇಬಿನಲ್ಲಿ. ದೋಸೆ ಹಿಟ್ಟು ಹುಳಿ ಬರಲು ಓವನ್ ಹೊತ್ತಿಸದೆ, ಬರೀ ಅದರ ದೀಪ ಹಾಕಿ ಒಳಗಿಟ್ಟರೆ ಸಾಕು. ಮೀನು ತಿನ್ನುವವರಾದರೆ ಊರಂಚಿನ ಗ್ರೇಟ್ ಸ್ಲೇವ್ ಸರೋವರದ ವೈಟ್‌ಫಿಶ್ ಇದೆ. ಮುದ್ದೆಗೆ ಅದರ ಸಾರು, ಅದರ ಬಗ್ಗೆ ಇನ್ನೇನೂ ಹೇಳಲಾರೆ, ಬಂದು ಉಣ್ಣಿ.

ಹೆರಿಗೆ ಇಲ್ಲೇ ಸ್ಟಾಂಟನ್ ಆಸ್ಪತ್ರೆಯಲ್ಲಿ ಆಗುತ್ತದೆ. ತೊಡಕಿನ ಕೇಸಾದರೆ ವಿಮಾನದಲ್ಲಿ ಎಡ್ಮಂಟನ್‌ಗೆ ಕಳಿಸುತ್ತಾರೆ. ನಿಮ್ಮ ಮನೆಯವರು ಚೆಕಪ್‌ಗೆ ಕಾಯುವಾಗ ಪಕ್ಕದ ಕುರ್ಚಿಯಲ್ಲಿ ಸರೋವರದ ಆ ತುದಿಯ ಲುಟ್ಸೆಲ್ಕೆಯವಳೋ ಪಕ್ಕದ ಪ್ರಾಂತ್ಯ ನುನಾವುಟ್‌ನ ಕುಗ್ಲುಕ್ಟುಕ್ಕಿನವಳೋ ಕೂತಿರುತ್ತಾಳೆ. ಅವಳ ಊರಲ್ಲಿ ಹೆರಿಗೆ ಮಾಡಿಸುವ ವ್ಯವಸ್ಥೆ ಇಲ್ಲ. ದಿನ ತುಂಬುವ ಎಷ್ಟೋ ಮುಂಚೆ, ಉಳಿದ ಮಕ್ಕಳನ್ನು ಊರಲ್ಲೇ ಬಿಟ್ಟು, ವಿಮಾನ ಹತ್ತಿ ಬಂದು ಇಲ್ಲಿ ಕಾಯುತ್ತಾಳೆ. ನಿಮ್ಮವರಿಗೆ ತವರು ದೂರ ಅನಿಸಿದರೆ, ಆ ಕೋಣೆಯಲ್ಲಿ ಅದನ್ನು ಹೇಳದೆಯೇ ತಿಳಿಯುವವರು ಬಹಳ ಜನ.

ದಾರಿ ಒಂದೇ, ಹೆದ್ದಾರಿ 3. ಎಡ್ಮಂಟನ್‌ಗೆ ಸುಮಾರು 1,450 ಕಿಲೋಮೀಟರ್. 2012ರಲ್ಲಿ ಮೆಕೆಂಝಿ ನದಿಗೆ ಡೆ ಚೋ ಸೇತುವೆ ಆಗುವ ತನಕ ವರ್ಷಕ್ಕೆರಡು ಸಲ ಊರಿಗೆ ರಸ್ತೆಯೇ ಇರುತ್ತಿರಲಿಲ್ಲ. ಹಿಮ ಕಟ್ಟುವಾಗ, ಒಡೆಯುವಾಗ ದೋಣಿಯೂ ಓಡದು, ಹೆಪ್ಪುಗಟ್ಟಿದ ನದಿಯ ಮೇಲಿನ ರಸ್ತೆಯೂ ನಿಲ್ಲದು. ಈಗ ಆ ತಾಪತ್ರಯ ತಪ್ಪಿದೆ, ಆದರೆ ಕಾಡೆಮ್ಮೆ ತಪ್ಪಿಲ್ಲ. ಮುಸ್ಸಂಜೆಯಲ್ಲಿ ರಸ್ತೆ ಮಧ್ಯೆ ಕಪ್ಪು ಗುಡ್ಡ ಕಂಡರೆ ಅದು ಗುಡ್ಡವಲ್ಲ, ಬ್ರೇಕ್ ಹಾಕಿ.

ಬೇಸಿಗೆಯಲ್ಲಿ ಪೆಟ್ರೋಲು ಅರ್ಧ ಟ್ಯಾಂಕಿನಿಂದ ಕೆಳಗೆ ಇಳಿಯಲು ಬಿಡಬೇಡಿ. 2023ರ ಆಗಸ್ಟ್ 16ರ ಸಂಜೆ ಊರು ಖಾಲಿ ಮಾಡಿ ಅಂತ ಆದೇಶ ಬಂತು, 18ರ ಮಧ್ಯಾಹ್ನದೊಳಗೆ. ಕಾಳ್ಗಿಚ್ಚು ಪಡುವಣದಿಂದ ಬರುತ್ತಿತ್ತು. 20,000 ಜನರ ಊರು, ಇರುವುದು ಒಂದೇ ರಸ್ತೆ, ಆ ರಸ್ತೆಯೂ ಬೆಂಕಿಯ ಪಕ್ಕದಲ್ಲೇ. ಮುಂದಿನ ಕಾರಿನ ಕೆಂಪು ದೀಪ ಬಿಟ್ಟು ಏನೂ ಕಾಣದ ಹೊಗೆಯಲ್ಲಿ ಹೋದೆವು. ವಾಪಸು ಬಿಟ್ಟದ್ದು ಸೆಪ್ಟೆಂಬರ್ 6ಕ್ಕೆ. ಊರು ಉಳಿದಿತ್ತು. ದಕ್ಷಿಣದ ಎಂಟರ್‌ಪ್ರೈಸ್ ಅನ್ನೋ ಪುಟ್ಟ ಊರು ಹೆಚ್ಚುಕಡಿಮೆ ಸುಟ್ಟೇಹೋಯಿತು. ಪಾಸ್‌ಪೋರ್ಟು, ಪರ್ಮಿಟ್ಟು, ಆಸ್ಪತ್ರೆ ಕಾಗದ ಎಲ್ಲ ಒಂದೇ ಚೀಲದಲ್ಲಿ ಬಾಗಿಲ ಹತ್ತಿರ ಇರಲಿ.

ಈಗ ನಿಮ್ಮ ಕೊನೇ ಸಾಲಿಗೆ ಬರುತ್ತೇನೆ.

ಈ ಪ್ರಾಂತ್ಯದ ಅರ್ಧದಷ್ಟು ಜನ ಮೂಲನಿವಾಸಿಗಳು: ಡೆನೆ, ಇನುವಿಯಲುಯಿಟ್ (ಇನುಯಿಟ್ ಕುಲದವರು), ಮೇಟಿ (ಮೂಲನಿವಾಸಿ ಮತ್ತು ಯುರೋಪಿನವರ ಮಿಶ್ರ ಕುಲ). ಯೆಲ್ಲೋನೈಫಿನಲ್ಲಿ ಸುಮಾರು ಕಾಲು ಭಾಗ. ಇಂಗ್ಲಿಷ್ ಫ್ರೆಂಚ್ ಸೇರಿ 11 ಅಧಿಕೃತ ಭಾಷೆಗಳಿವೆ. ವಿಧಾನಸಭೆಯಲ್ಲಿ ಪಕ್ಷಗಳೇ ಇಲ್ಲ. ಗೆದ್ದು ಬಂದ 19 ಜನ ತಮ್ಮೊಳಗೇ ಒಬ್ಬರನ್ನು ಪ್ರೀಮಿಯರ್ (ಮುಖ್ಯಮಂತ್ರಿ) ಮಾಡಿಕೊಳ್ಳುತ್ತಾರೆ. ನೀವು ಇಳಿಯುವ ನೆಲ ಯೆಲ್ಲೋನೈವ್ಸ್ ಡೆನೆ ಜನರದು. ಅವರ ಊರು ಎರಡು. ಎನ್‌ಡಿಲೋ ನಗರಕ್ಕೇ ಅಂಟಿಕೊಂಡಿದೆ. ಡೆಟ್ಟಾ ಇರುವುದು ಸರೋವರದ ಕೊಲ್ಲಿಯ ಆಚೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಆರೂವರೆ ಕಿಲೋಮೀಟರ್ ಕಾರು ಓಡಿಸಿದರೆ ಬಂತು.

ಮೊದಲು "ಎಲ್ಲ ಫ್ರೀ" ಅನ್ನೋದು. ಇಲ್ಲಿ ರಿಸರ್ವ್ ಅನ್ನುವ ಮೀಸಲು ನೆಲ ಇರುವುದೇ ಎರಡು ಕಡೆ, ಎರಡೂ ಸರೋವರದ ದಕ್ಷಿಣಕ್ಕೆ. ತೆರಿಗೆ ವಿನಾಯಿತಿ ಆ ನೆಲದ ಸಂಪಾದನೆಗೆ ಅಂಟಿದ್ದು. ಅಂದರೆ ಯೆಲ್ಲೋನೈಫಿನಲ್ಲಿ ದುಡಿಯುವ ಡೆನೆ ನಿಮ್ಮ ಹಾಗೇ ಆದಾಯ ತೆರಿಗೆ ಕಟ್ಟುತ್ತಾನೆ. ನೆಲದ ವಿಚಾರಕ್ಕೆ ಹಿಂದೆ ಅವರ ಜೊತೆ ಮಾಡಿಕೊಂಡ ಒಪ್ಪಂದದ ದುಡ್ಡು ಅಂತ ಸರ್ಕಾರ ಕೊಡುವುದು ತಲೆಗೆ ವರ್ಷಕ್ಕೆ 5 ಡಾಲರ್. 1899ರ ಎಂಟನೇ ಒಪ್ಪಂದದಲ್ಲಿ, 1921ರ ಹನ್ನೊಂದನೆಯದರಲ್ಲಿ ಬರೆದದ್ದು ಅಷ್ಟು, ಇವತ್ತಿಗೂ ಅಷ್ಟೇ, ಒಂದು ಕಾಫಿಗೂ ಬನ್ನಿಗೂ ಸಾಲದು. ಇನ್ನು ನಿಮ್ಮ ವಿಷಯ: ಉತ್ತರದಲ್ಲಿ ವಾಸ ಇದ್ದೀರಿ ಅನ್ನೋ ಒಂದೇ ಕಾರಣಕ್ಕೆ ನಿಮ್ಮ ಆದಾಯದಿಂದ ದಿನಕ್ಕೆ 22 ಡಾಲರ್ ತನಕ ತೆರಿಗೆ ಲೆಕ್ಕಕ್ಕೆ ಸೇರದ ಹಾಗೆ ಕಳೆಯುತ್ತಾರೆ. ಬಂದ ವರ್ಷವೇ ಅದನ್ನು ಕ್ಲೇಮ್ ಮಾಡಿ, ಮರೆಯಬೇಡಿ.

ಈ ಊರು ಹುಟ್ಟಿದ್ದು ಚಿನ್ನದಿಂದ. ನಾನು ಬಂಗಾರಪೇಟೆ ಕಡೆಯವಳು. ಕೆಜಿಎಫ್‌ನ ಸೈನೈಡ್ ದಿಬ್ಬದಿಂದ ಗಾಳಿಗಾಲದಲ್ಲಿ ಏಳುವ ಧೂಳು ನೋಡಿಕೊಂಡೇ ಬೆಳೆದವರಿಗೆ ಇಲ್ಲಿನ ಜೈಂಟ್ ಅನ್ನೋ ಚಿನ್ನದ ಗಣಿಯ ಕಥೆ ಬಿಡಿಸಿ ಹೇಳಬೇಕಿಲ್ಲ, ಆದರೂ ಇದು ಅದಕ್ಕಿಂತ ಘೋರ. ಇಲ್ಲಿನ ಅದಿರಿನಲ್ಲಿ ಚಿನ್ನ ಆರ್ಸೆನಿಕ್ ಜೊತೆ ಬೆಸೆದುಕೊಂಡಿತ್ತು, ಅದನ್ನು ಹುರಿದೇ ಚಿನ್ನ ಬಿಡಿಸಬೇಕಿತ್ತು. ಹುರಿದಾಗ ಎದ್ದ ಆರ್ಸೆನಿಕ್ ಹುಡಿ ಆರಂಭದ ವರ್ಷಗಳಲ್ಲಿ ಸೀದಾ ಚಿಮಣಿಯಿಂದ ಹೊರಗೆ ಬಂದು ಹಿಮದ ಮೇಲೆ ಕೂತಿತು. ಆಗೆಲ್ಲ ಡೆನೆ ಮನೆಗಳಲ್ಲಿ ಕುಡಿಯುವ ನೀರು ಅಂದರೆ ಕರಗಿಸಿದ ಹಿಮ. 1951ರಲ್ಲಿ ಒಂದು ಪುಟ್ಟ ಮಗು ಆ ವಿಷಕ್ಕೆ ಸತ್ತಿತು. ಕಂಪನಿ ಕೊಟ್ಟ ಪರಿಹಾರ 750 ಡಾಲರ್. ಗಣಿ 1948ರಿಂದ 2004ರವರೆಗೆ ನಡೆಯಿತು. ಈಗಲೂ 2,37,000 ಟನ್ ಆರ್ಸೆನಿಕ್ ಹುಡಿ ನೆಲದಡಿಯ ಕೋಣೆಗಳಲ್ಲಿದೆ. ಅದನ್ನು ತೆಗೆಯಲು ಧೈರ್ಯವಿಲ್ಲದೆ, ಸುತ್ತಲ ಬಂಡೆಯನ್ನೇ ಹೆಪ್ಪುಗಟ್ಟಿಸಿ ಹಿಡಿದಿಡುವ ಕೆಲಸ ಸರ್ಕಾರಿ ದುಡ್ಡಿನಲ್ಲಿ ನಡೆಯುತ್ತಿದೆ, ಅಂದಾಜು ವೆಚ್ಚ 400 ಕೋಟಿ ಡಾಲರಿಗೂ ಮಿಕ್ಕಿ. ನಲ್ಲಿ ನೀರಿಗೆ ಹೆದರಬೇಡಿ. 1969ರಿಂದ ನಗರ ಕೊಲ್ಲಿಯ ನೀರು ಬಿಟ್ಟು, 8 ಕಿಲೋಮೀಟರ್ ಪೈಪು ಹಾಕಿ ನದಿಯಿಂದ ತರುತ್ತಿದೆ. ಆದರೆ ಗಣಿಯ ಸುತ್ತಲ ಸಣ್ಣ ಕೆರೆಗಳ ಮೀನು, ಅಲ್ಲಿನ ಕಾಡುಹಣ್ಣು ಬೇಡ. ಆರೋಗ್ಯ ಇಲಾಖೆಯ ಎಚ್ಚರಿಕೆ ನೋಡಿಕೊಳ್ಳಿ. ಡೆನೆಯವರು ಅಲ್ಲಿ ಹಣ್ಣು ಕೀಳುತ್ತಿದ್ದರು, ಬೇಟೆ ಆಡುತ್ತಿದ್ದರು. ಆ ಜಾಗ ಅವರ ಪಾಲಿಗೆ ಹೋದದ್ದು ಹೋಯಿತು. ಚಿನ್ನದಲ್ಲಿ ಪಾಲು ಕೇಳಿದವರೂ ಇರಲಿಲ್ಲ, ಕೊಟ್ಟವರೂ ಇರಲಿಲ್ಲ.

ಕುಡಿತ ಇದೆ. ಪೇಟೆ ಮಧ್ಯದ ಒಂದೆರಡು ಬೀದಿಯಲ್ಲಿ ಹಗಲಲ್ಲೇ ತೂರಾಡುವವರು ಕಾಣುತ್ತಾರೆ, ಇಲ್ಲ ಅಂದರೆ ಸುಳ್ಳಾಗುತ್ತದೆ. ದಕ್ಷಿಣದಿಂದ ಬರುವ ಡ್ರಗ್ ವ್ಯಾಪಾರವೂ ಹೆಚ್ಚಿದೆ. ಆ ವ್ಯಾಪಾರ ಮಾಡುವವರಲ್ಲಿ ಬಹಳ ಮಂದಿ ಹೊರಗಿನಿಂದ ಬರುವವರು ಅನ್ನೋದನ್ನೂ ಸೇರಿಸಿ ಹೇಳಬೇಕು. ಬೀದಿಯಲ್ಲಿರುವವರಲ್ಲಿ ಬಹಳ ಮಂದಿ ಬೇರೆ ಬೇರೆ ಊರುಗಳಿಂದ ಮನೆಯೋ ಚಿಕಿತ್ಸೆಯೋ ಹುಡುಕಿ ಬಂದು ಇಲ್ಲೇ ಸಿಕ್ಕಿಕೊಂಡವರು. ಐವತ್ತು ದಾಟಿದವರನ್ನು ಕಂಡರೆ ಒಂದು ಲೆಕ್ಕ ನೆನಪಿರಲಿ. ಕೆನಡಾದಲ್ಲಿ 1,50,000 ಮೂಲನಿವಾಸಿ ಮಕ್ಕಳನ್ನು ಅಪ್ಪ ಅಮ್ಮನಿಂದ ಕಿತ್ತು ವಸತಿ ಶಾಲೆಗೆ ಹಾಕಿದ್ದರು, ತಾಯಿನುಡಿ ಆಡಿದರೆ ಹೊಡೆತ. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಇದು ಅಜ್ಜನ ಕಾಲದ ಮಾತಲ್ಲ, ನಿಮ್ಮ ಹೋಟೆಲಿನ ಸಹೋದ್ಯೋಗಿಯೇ ಆ ಮಕ್ಕಳಲ್ಲಿ ಒಬ್ಬರಿರಬಹುದು. ಸೆಪ್ಟೆಂಬರ್ 30ರಂದು ಊರೆಲ್ಲ ಕಿತ್ತಳೆ ಅಂಗಿ ತೊಡುವುದು ಇದಕ್ಕೇ. ಯಾರನ್ನೂ ನೀವಾಗಿ ಕೇಳಲು ಹೋಗಬೇಡಿ. ಹೇಳಬೇಕೆನಿಸಿದರೆ ಹೇಳುತ್ತಾರೆ.

ಮನೆಯವರು ರಾತ್ರಿ ಒಬ್ಬರೇ ನಡೆದು ಬರಬಹುದಾ ಅಂದರೆ, ಆ ಒಂದೆರಡು ಬೀದಿ ಬಿಟ್ಟು ಬರಬಹುದು. ಮೆಜೆಸ್ಟಿಕ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಇಳಿದರೆ ಎಷ್ಟು ಎಚ್ಚರ ಇರುತ್ತೀರೋ ಅಷ್ಟು ಇಲ್ಲಿಗೂ ಸಾಕು. ನನ್ನನ್ನು ಕೇಳಿದರೆ ರಾತ್ರಿ ಹೊರಗೆ ಹೆದರಬೇಕಾದ್ದು ಮನುಷ್ಯರಿಗಲ್ಲ, ಮೈನಸ್ 35ರಲ್ಲಿ ಮೊಬೈಲ್ ಬ್ಯಾಟರಿ ಪಟಕ್ಕನೆ ಸಾಯುವುದಕ್ಕೆ. ಕೋಟಿನ ಒಳಜೇಬಿನಲ್ಲಿ ಇಟ್ಟುಕೊಳ್ಳಲಿ.

ನಾನು ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂರುವವಳು. ನೀವೂ ಹೋಟೆಲ್ ಕೌಂಟರಿನಲ್ಲಿ ನಿಲ್ಲುವವರಾದ್ದರಿಂದ ಇದು ಉಪಯೋಗಕ್ಕೆ ಬಂದೀತು. ಡೆನೆ ಹಿರಿಯರನ್ನು ಏನಾದರೂ ಕೇಳಿದರೆ ಉತ್ತರ ತಕ್ಷಣ ಬರುವುದಿಲ್ಲ. ನಾಲ್ಕು ಉಸಿರು ಸುಮ್ಮನಿರುತ್ತಾರೆ. ನಮಗೆ ಅದು ತಡೆಯಲಾಗದೆ, ಕೇಳಿಸಲಿಲ್ಲವೇನೋ ಅಂತ ಅದೇ ಪ್ರಶ್ನೆಯನ್ನು ದನಿ ಏರಿಸಿ ಕೇಳುತ್ತೇವೆ. ಹಾಗೆ ಮಾಡಬೇಡಿ, ಅವರು ಯೋಚಿಸುತ್ತಿದ್ದಾರೆ. ಇನುಯಿಟ್ ಅತಿಥಿಗಳು ಬಾಯಿ ಬಿಡದೆ ಹುಬ್ಬು ಮೇಲೆತ್ತಿದರೆ ಹೌದು ಅಂತ, ಮೂಗು ಸಿಂಡರಿಸಿದರೆ ಇಲ್ಲ ಅಂತ. ರೂಮು ಬೇಕಾ ಅಂತ ಕೇಳಿ ಅವರು ಹುಬ್ಬೆತ್ತಿದ್ದನ್ನು ಗಮನಿಸದೆ ನೀವು ಕಾದರೆ, ಅವರೂ ಕಾಯುತ್ತಾರೆ, ಹಿಂದೆ ಸಾಲು ಬೆಳೆಯುತ್ತದೆ. ನಮ್ಮವರಲ್ಲಿ ಕೆಲವರು ಇಲ್ಲಿ ವರ್ಷಗಟ್ಟಲೆ ಇದ್ದೂ ಡೆಟ್ಟಾ ಕಡೆ ತಲೆ ಹಾಕಿಲ್ಲ. ಯುಗಾದಿ, ದೀಪಾವಳಿ, ಕ್ರಿಕೆಟ್ಟು, ಮತ್ತೆ ಎಡ್ಮಂಟನ್ ಪಟ್ಟಿ, ಅಷ್ಟರಲ್ಲೇ ಬದುಕು ಮುಗಿಸುತ್ತಾರೆ. ನೀವು ಜೂನ್ 21ಕ್ಕೆ ಊರಲ್ಲಿದ್ದರೆ ಡ್ರಮ್ ಡ್ಯಾನ್ಸ್‌ಗೆ ಹೋಗಿ. ಅವತ್ತು ಮೂಲನಿವಾಸಿಗಳ ದಿನ, ಇಲ್ಲಿ ಸರ್ಕಾರಿ ರಜೆ, ಮೀನು ಸುಟ್ಟು ಬಂದವರಿಗೆಲ್ಲ ಬಡಿಸುತ್ತಾರೆ, ವೃತ್ತದಲ್ಲಿ ಹೆಜ್ಜೆ ಹಾಕಲು ಯಾರ ಅನುಮತಿಯೂ ಬೇಕಿಲ್ಲ. ಮಗು ಹುಟ್ಟಿದ ಮೇಲೆ ಎತ್ತಿಕೊಂಡು ಹೋದರೆ ಅದು ನಿಮ್ಮ ಕೈಗೆ ವಾಪಸು ಬರುವುದು ಸಂಜೆಗೇ.

ಇನ್ನೊಂದು ಗೊಣಗು ನಮ್ಮವರ ಬಾಯಲ್ಲಿ ಕೇಳುತ್ತೀರಿ: ಪ್ರಾಂತ್ಯದ ಸರ್ಕಾರಿ ಕೆಲಸಗಳಲ್ಲಿ ಮೂಲನಿವಾಸಿಗಳಿಗೆ ಮೊದಲ ಆದ್ಯತೆ, ನಮಗೆ ಅನ್ಯಾಯ ಅಂತ. ಸರೋಜಿನಿ ಮಹಿಷಿ ವರದಿ ಜಾರಿ ಮಾಡಿ ಅಂತ ಊರಲ್ಲಿ ಕೂಗಿದವರೇ ಇಲ್ಲಿ ಬಂದು ಹೀಗೆ ಹೇಳುವಾಗ ನನಗೆ ನಗು ತಡೆಯುವುದಿಲ್ಲ.

ಪಿಆರ್, ಅಂದರೆ ಕಾಯಂ ವಾಸದ ಪರವಾನಗಿಯ ವಿಷಯ. ಪ್ರಾಂತ್ಯವೇ ಪಿಆರ್‌ಗೆ ಹೆಸರು ಸೂಚಿಸುವ ಇಲ್ಲಿನ ನಾಮಿನಿ ಕಾರ್ಯಕ್ರಮದಲ್ಲಿ ಅರ್ಜಿಗೆ ನಿಮ್ಮ ಮಾಲೀಕರು ಜೊತೆಯಾಗಬೇಕು. 2025ರಲ್ಲಿ ಕೇಂದ್ರ ಸರ್ಕಾರ ಎಲ್ಲ ಪ್ರಾಂತ್ಯಗಳ ಕೋಟಾ ಕತ್ತರಿಸಿದ ಮೇಲೆ ಪೈಪೋಟಿ ಜೋರು. ಜೊತೆಗೆ, ಊರನ್ನು ಹೊತ್ತು ನಿಂತಿದ್ದ ವಜ್ರದ ಗಣಿಗಳಲ್ಲಿ ದೊಡ್ಡದೊಂದಾದ ಡಯಾವಿಕ್ 2026ಕ್ಕೆ ಉತ್ಪಾದನೆ ನಿಲ್ಲಿಸುವ ಲೆಕ್ಕ ಹಾಕಿಕೊಂಡಿತ್ತು, ಆ ಪೆಟ್ಟು ಹೋಟೆಲಿನ ವ್ಯಾಪಾರಕ್ಕೂ ತಟ್ಟೀತು. ಆದ್ದರಿಂದ "ಪಿಆರ್ ಮಾಡಿಸ್ತೀವಿ ಬನ್ನಿ" ಅನ್ನೋ ಫೋನ್ ಮಾತನ್ನು ನಂಬಿ ಟಿಕೆಟ್ ತೆಗೆಯಬೇಡಿ. ನಾಮಿನಿಗೆ ಸಹಿ ಹಾಕುತ್ತಾರಾ, ಯಾವಾಗ, ಮೊದಲ ಮೂರು ತಿಂಗಳು ಇರಲು ಜಾಗ ಅವರೇ ಕೊಡುತ್ತಾರಾ, ಅದರ ಬಾಡಿಗೆ ಸಂಬಳದಲ್ಲಿ ಎಷ್ಟು ಹಿಡಿಯುತ್ತಾರೆ, ಇದೆಲ್ಲ ಬರಹದಲ್ಲಿ ತರಿಸಿಕೊಳ್ಳಿ. ಪಿಆರ್‌ಗೆ ಮಾಲೀಕರು ನಿಮ್ಮ ಕೈಯಿಂದ ದುಡ್ಡು ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ, ಅದು ಕಾನೂನುಬಾಹಿರ.

ಕಾಗದ ಬಂದಮೇಲೆ ನನಗೆ ಕಳಿಸಿ, ನೋಡಿ ಹೇಳುತ್ತೇನೆ. ಬರುವುದೇ ಆದರೆ ಮನೆಯವರಿಗೆ ಏಳು ತಿಂಗಳಾಗುವ ಮುಂಚೆ ಬನ್ನಿ, ದಿನ ತುಂಬುತ್ತಾ ಬಂದಂತೆ ವಿಮಾನದವರದು ನೂರೆಂಟು ತಕರಾರು.