ಜಗಳದ ಹೊತ್ತಿಗೆ ಕಲಿತದ್ದು ಯಾಕೆ ನೆನಪಾಗುವುದಿಲ್ಲ?

ಪ್ರಶ್ನೆ: ನನಗೆ 36 ವರ್ಷ, ಊರು ಕೋಲಾರ. ನಮ್ಮದೇ ಟೊಮೆಟೊ ಮಂಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತೇನೆ. ರಾತ್ರಿ ಅಣ್ಣನಿಗೂ ಓರಗಿತ್ತಿಗೂ ಸಾಲುಸಾಲು ಮೆಸೇಜ್ ಹಾಕಿ, ಬೆಳಿಗ್ಗೆ ನಾಚಿಕೆಯಿಂದ ಕುಗ್ಗಿಹೋಗುತ್ತೇನೆ. ಡಾಕ್ಟರ್ ಹೇಳಿದ್ದಕ್ಕೆ, ಸಿಟ್ಟು ಸಂಕಟ ನಿಭಾಯಿಸುವುದನ್ನು ಕಲಿಸುವ ಡಿಬಿಟಿ ಗ್ರೂಪಿಗೆ ಸೇರಿ ಮೂರು ಶನಿವಾರ ಬೆಂಗಳೂರಿಗೆ ಹೋಗಿಬಂದೆ. ಶಾಲೆಯ ಹಾಗೆ ಹೋಮ್‌ವರ್ಕ್, ಗುರುತಿಲ್ಲದವರ ಮುಂದೆ ಮಾತು. ಮೊನ್ನೆ ಜಗಳದಲ್ಲಿ ಕಲಿತದ್ದೊಂದೂ ನೆನಪಾಗಲಿಲ್ಲ. ‘ಮನೆ ಕಥೆ ಹೇಳೋಕೆ ಬಸ್ ಚಾರ್ಜು ಬೇರೆ’ ಅಂತಾರೆ ನಮ್ಮ ಮನೆಯವರು. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಮೂರು ವಾರಕ್ಕೆ ನೀವಿನ್ನೂ ಹೊಸ್ತಿಲಲ್ಲೇ ಇದ್ದೀರಿ.

ಶಾಲೆಯ ಹಾಗಿದೆ ಅಂದಿರಲ್ಲ, ಅದು ತರಗತಿಯೇ. ಡಿಬಿಟಿಯನ್ನು, ಅಂದರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿಯನ್ನು, ರೂಪಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನಹನ್ ಕಲಿಕೆಯನ್ನು ಬೇಕೆಂದೇ ಬೇರೆಯಾಗಿಟ್ಟರು. ಒಬ್ಬರೇ ಕೌನ್ಸೆಲರ್ ಎದುರು ಕೂತರೆ ಆ ವಾರದ ಜಗಳವೇ ಹೊತ್ತನ್ನೆಲ್ಲ ನುಂಗುತ್ತದೆ, ಕಲಿಯಲು ಏನೂ ಉಳಿಯುವುದಿಲ್ಲ. ಗ್ರೂಪಿನಲ್ಲಿ ವಾರಕ್ಕೆ ಸುಮಾರು ಎರಡೂವರೆ ಗಂಟೆ: ಮೊದಲರ್ಧ ಹೋಮ್‌ವರ್ಕ್, ಉಳಿದರ್ಧ ಹೊಸ ಪಾಠ. ಅರಿವಿನಲ್ಲಿರುವುದು, ಸಂಕಟ ತಾಳಿಕೊಳ್ಳುವುದು, ಭಾವನೆಯನ್ನು ಹದದಲ್ಲಿಡುವುದು, ಸಂಬಂಧ ಕೆಡದಂತೆ ಮಾತಾಡುವುದು ಎಂದು ನಾಲ್ಕು ಭಾಗ. ಒಂದು ಸುತ್ತಿಗೆ 24 ವಾರ ಹಿಡಿಯುತ್ತದೆ. ಎಷ್ಟೋ ಕಡೆ ಅದನ್ನೇ ಇನ್ನೊಂದು ಸಲ ಕಲಿಸಿ ವರ್ಷ ತುಂಬಿಸುತ್ತಾರೆ, ಯಾಕೆಂದರೆ ಮೊದಲ ಸುತ್ತಿನಲ್ಲಿ ಕಿವಿಗೆ ಬಿದ್ದದ್ದು ಎರಡನೆಯದರಲ್ಲಿ ಕೈಗೆ ಬರುತ್ತದೆ.

ಇನ್ನು ನೆನಪಾಗದ ವಿಷಯ. ಸಿಟ್ಟನ್ನು ನೂರಕ್ಕೆ ಅಳೆಯಿರಿ. 90 ತಲುಪಿದಾಗ ಹೊಸದಾಗಿ ಕಲಿತದ್ದು ಯಾರಿಗೂ ಹೊಳೆಯುವುದಿಲ್ಲ, ಹಳೇ ರೂಢಿಯೇ ಮುಂದೆ ಬರುತ್ತದೆ. ಆದ್ದರಿಂದ ಅಭ್ಯಾಸ ಆಗಬೇಕಾದ್ದು 20, 30ರಲ್ಲಿ. ಕಂಡಕ್ಟರ್ ಚಿಲ್ಲರೆ ಕೊಡಲಿಲ್ಲ, ಲೆಕ್ಕದಲ್ಲಿ ಒಂದು ಚೀಟಿ ಕಾಣೆ: ಅಲ್ಲೇ ‘ಸ್ಟಾಪ್’ ಮಾಡಿ. ಕೈಕಾಲು ಅಲ್ಲಾಡಿಸದೆ ನಿಲ್ಲಿ. ಒಂದು ಹೆಜ್ಜೆ ಹಿಂದೆ ಸರಿದು ಉಸಿರು ಬಿಡಿ. ಒಳಗೇನಾಗುತ್ತಿದೆ, ಎದುರಿಗೇನಿದೆ ನೋಡಿ. ಆಮೇಲೆ ಮುಂದಿನ ಕೆಲಸ. ದಿನಕ್ಕೆ ಐದಾರು ಸಲ ಇಷ್ಟು ಮಾಡಿದರೆ ದೊಡ್ಡ ಜಗಳದಲ್ಲಿ ದೇಹವೇ ನಿಲ್ಲುವುದನ್ನು ಕಲಿಯುತ್ತದೆ.

ಮೆಸೇಜ್ ಹಾಕುವ ರಾತ್ರಿಗಳಿಗೆ ತಣ್ಣೀರು. ಬೇಸಿನ್ನಿಗೆ ಫ್ರಿಜ್‌ನ ನೀರು ಸುರಿದು, ಬಗ್ಗಿ, ಉಸಿರು ಬಿಗಿಹಿಡಿದು, ಕಣ್ಣು ಕೆನ್ನೆ ಮುಳುಗುವಂತೆ 30 ಸೆಕೆಂಡು ಮುಖ ಅದ್ದಿ. ಆಗ ಎದೆಬಡಿತ ತಗ್ಗುತ್ತದೆ. ನಲ್ಲಿಯಡಿ ಮುಖ ತೊಳೆದರೆ ಅಷ್ಟು ಕೆಲಸ ಮಾಡುವುದಿಲ್ಲ, ಬಹಳ ಮಂದಿ ಎಡವುವುದು ಇಲ್ಲೇ. ಹೃದಯದ ತೊಂದರೆ ಇದ್ದರೆ ಅಥವಾ ಎದೆಬಡಿತ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಮಾಡಬೇಡಿ. ಇದರ ಪರಿಣಾಮ ಉಳಿಯುವುದು ಕೊಂಚ ಹೊತ್ತು ಮಾತ್ರ. ಆ ಸಮಯದಲ್ಲೇ ಫೋನ್ ಬೇರೆ ಕೋಣೆಯಲ್ಲಿಟ್ಟು, ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ, ಐದು ನಿಮಿಷ ಮಾಡಿ. ಸಮಸ್ಯೆ ಇದರಿಂದ ಬಗೆಹರಿಯುವುದಿಲ್ಲ. ಅದನ್ನು ಇನ್ನಷ್ಟು ಕೆಡಿಸದೆ ರಾತ್ರಿ ಕಳೆಯುತ್ತದೆ, ಅಷ್ಟಾದರೆ ಸಾಕು.

ಗ್ರೂಪಿನಲ್ಲಿ ನಿಮ್ಮ ಮನೆಯ ಕಥೆ ಯಾರಿಗೂ ಬೇಕಿಲ್ಲ. ‘ಮಂಗಳವಾರ ಒಂದು ಮೆಸೇಜ್ ತಡೆದೆ, ಬುಧವಾರ ಆಗಲಿಲ್ಲ’ ಎನ್ನುವಷ್ಟು ಸಾಕು. ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು ಎಂಬುದು ಎಲ್ಲರೂ ಒಪ್ಪಿ ಕೂರುವ ನಿಯಮ. ಮೂಲ ಪದ್ಧತಿಯಲ್ಲಿ ಸತತ ನಾಲ್ಕು ವಾರ ತಪ್ಪಿಸಿದವರು ಆ ಸುತ್ತಿನಿಂದ ಹೊರಗೆ. ಹಾಗಾಗಿ ಮಂಡಿಯಲ್ಲಿ ಮಾಲು ಜಾಸ್ತಿ ಬರುವ ವಾರಗಳ ವಿಷಯವನ್ನು ಮೊದಲೇ ತಿಳಿಸಿಡಿ.

ಯಜಮಾನರ ಹತ್ತಿರ ವಾದ ಬೇಡ. ನಡೆದದ್ದು, ನಿಮಗನಿಸಿದ್ದು, ಬೇಕಾದ್ದು, ಅದರಿಂದ ಅವರಿಗೇನು ಅನುಕೂಲ, ಈ ಸರದಿಯಲ್ಲಿ ಹೇಳಿ: ‘ರೀ, ಹೋದ ಶನಿವಾರ ಕ್ಲಾಸಿಗೆ ಹೊರಟಾಗ ಬಸ್ ಚಾರ್ಜಿನ ಮಾತು ಬಂತು. ನನಗೆ ಬೇಜಾರಾಯ್ತು. ಇನ್ನು ಐದು ತಿಂಗಳು ಶನಿವಾರ ಮಧ್ಯಾಹ್ನದವರೆಗೆ ನನ್ನನ್ನ ಬಿಟ್ಟುಬಿಡಿ. ಲೆಕ್ಕ ಸಂಜೆ ಕೂತು ಮುಗಿಸ್ತೀನಿ, ಮನೇಲಿ ಕೂಗಾಟನೂ ಕಮ್ಮಿಯಾಗುತ್ತೆ.’ ಹಳೇದನ್ನು ಕೆದಕಿದರೆ ಮತ್ತೆ ‘ಶನಿವಾರದ ಮಾತು’ ಎಂದಷ್ಟೇ ಅನ್ನಿ. ಬಾಯಿಗೆ ಬರುವವರೆಗೆ ಒಬ್ಬರೇ ನಾಲ್ಕು ಸಲ ಹೇಳಿ ನೋಡಿ.

ನಿಮ್ಮನ್ನೇ ನೋಯಿಸಿಕೊಳ್ಳುವ ಯೋಚನೆ ಬಂದರೆ ಶನಿವಾರದವರೆಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಡ.

ಈ ವಾರ ಹೋಮ್‌ವರ್ಕ್ ಆಗದಿದ್ದರೂ ಬಸ್ ಹತ್ತಿ. ‘ಮಾಡಿಲ್ಲ’ ಎಂದು ನೇರವಾಗಿ ಹೇಳಿ. ಮರೆತಿರೋ, ಅರ್ಥವಾಗಲಿಲ್ಲವೋ, ಮನಸ್ಸೇ ಬರಲಿಲ್ಲವೋ ಎಂದು ನಿಮ್ಮ ಜೊತೆ ಕೂತು ಹುಡುಕುವುದೂ ಆ ತರಗತಿಯ ಪಾಠವೇ.