ಹನ್ನೊಂದನೇ ಮಹಡಿಯಲ್ಲಿ ಯಾವ ಮುಳ್ಳುಪೊದೆ?

ಸಕಲೇಶಪುರದ ಕಡೆಯ ಓದುಗರೊಬ್ಬರ ಪತ್ರ ಈ ವಾರ ಉಳಿದೆಲ್ಲ ಪತ್ರಗಳನ್ನು ಪಕ್ಕಕ್ಕೆ ತಳ್ಳಿದೆ. ಆಸ್ತಿ ಪಾಲು, ಮದುವೆಯಾಗದ ಮಗ, ಮಾತು ಬಿಟ್ಟ ವಾರಗಿತ್ತಿ, ಎಲ್ಲರೂ ಮುಂದಿನ ವಾರದ ತನಕ ಕಾಯಬಹುದು. ಇವರ ನಾಯಿ ಕಾಯುವುದಿಲ್ಲ. ಇನ್ನು ಮೂರು ವಾರಕ್ಕೆ ಅದು ಮರಿ ಹಾಕುತ್ತದೆ.

ವಿಷಯ ಇಷ್ಟು. ಕಾಫಿ ತೋಟದ ಮನೆ. ಅಲ್ಲೊಂದು ಕಾಕರ್ ಸ್ಪ್ಯಾನಿಯಲ್ ಹೆಣ್ಣುನಾಯಿ, ಇದು ಅದರ ಎರಡನೇ ಸೂಲು. ಇದು ಬೇಟೆ ನಾಯಿ ಜಾತಿ, ಹುಟ್ಟಿದ ಮೂರನೇ ದಿನ ಬಾಲ ಕತ್ತರಿಸಬೇಕು, ನಮ್ಮಪ್ಪನ ಕಾಲದಿಂದ ಹೀಗೇ ನಡೆದಿದೆ ಅನ್ನುತ್ತಾರೆ ಮಾವ. ಕೆಲಸ ಮಾಡುವವರು ತೋಟದ ರೈಟರ್, ರಬ್ಬರ್ ಬ್ಯಾಂಡ್ ಬಿಗಿದು. ಹೋದ ಸಲ ಮರಿಗಳು ಕಿರುಚಿದ ಸದ್ದು ಈ ಸೊಸೆಯ ಕಿವಿಯಲ್ಲಿ ಇನ್ನೂ ಇದೆಯಂತೆ. ಗಂಡ "ಅಪ್ಪನ ಹತ್ತಿರ ಇದನ್ನೆಲ್ಲ ನಾನು ಮಾತಾಡಲ್ಲ" ಅಂದುಬಿಟ್ಟಿದ್ದಾರೆ. "ನಾನು ಪೇಟೆಯಿಂದ ಬಂದವಳು, ಬೇಟೆ ನಾಯಿ ಬಗ್ಗೆ ನನಗೇನು ಗೊತ್ತು? ಆದರೂ ಮನಸ್ಸು ಒಪ್ಪುತ್ತಿಲ್ಲ. ಮಾವನ ಮಾತು ಮೀರಲಾ, ಸುಮ್ಮನಿರಲಾ?" ಇದು ಅವರ ಪ್ರಶ್ನೆ.

ಪತ್ರದ ತುಂಬ ಮಾವನೇ ಇದ್ದಾರೆ. ಮಾವನ ದನಿ, ಮಾವನ ಹಟ, ಮಾವನ ಕಾಫಿ ಲೋಟ. ಕೊನೆಗೆ, ಸಹಿ ಹಾಕುವ ಮುಂಚೆ, ಹೀಗೊಂದು ಸಾಲು: "ಹೇಗೂ ಮರಿಗಳೆಲ್ಲ ಬೆಂಗಳೂರಿಗೇ ಹೋಗುತ್ತವೆ. ಮೈದುನನ ಸ್ನೇಹಿತರು ಅಡ್ವಾನ್ಸ್ ಕೊಟ್ಟಾಗಿದೆ. ಒಂದಂತೂ ವೈಟ್‌ಫೀಲ್ಡಿನ ಹನ್ನೊಂದನೇ ಮಹಡಿಗೆ. ಬಾಲ ಇದ್ದರೆ ಬ್ರೀಡ್ ಥರ ಕಾಣಲ್ಲ ಅಂತಾನೆ ಅವನು."

ಹೇಗೂ ಅಂದರೆ ಏನಮ್ಮಾ? ನಿಮ್ಮ ಇಡೀ ಪತ್ರ ಇರುವುದೇ ಆ ಸಾಲಿನಲ್ಲಿ.

ಮೊದಲು ಮಾವನವರ ವಿಷಯ ಮುಗಿಸೋಣ. ನೀವು ಅವರನ್ನು ಕಟುಕನ ಹಾಗೆ ಚಿತ್ರಿಸಿದ್ದೀರಿ. ನನಗೆ ಹಾಗನ್ನಿಸಲಿಲ್ಲ. ಅವರ ಮಾತಿನಲ್ಲಿ ಹುರುಳಿದೆ. ಸ್ಪ್ಯಾನಿಯಲ್ ನಾಯಿಯ ಕೆಲಸವೇ ಪೊದೆಯೊಳಗೆ ನುಗ್ಗಿ ಅಡಗಿ ಕೂತ ಹಕ್ಕಿಯನ್ನು ಎಬ್ಬಿಸುವುದು. ವಾಸನೆ ಹತ್ತಿತು ಅಂದರೆ ಅದರ ಬಾಲ ನಿಲ್ಲುವುದಿಲ್ಲ. ಮುಳ್ಳಿಗೆ, ಕಡ್ಡಿಗೆ ಬಡಿದು ಬಡಿದು ತುದಿಯ ಚರ್ಮ ಕಿತ್ತುಹೋಗುತ್ತದೆ. ಅಲ್ಲಿ ಮಾಂಸ ಕಡಿಮೆ, ಗಾಯ ಬೇಗ ಮಾಯುವುದಿಲ್ಲ. ಇನ್ನೇನು ಒಣಗಿತು ಅನ್ನುವಾಗ ಯಾರನ್ನೋ ಕಂಡ ಖುಷಿಗೆ ಬಾಲ ಬೀಸಿ, ಗೋಡೆಗೆಲ್ಲ ರಕ್ತ ಚಿಮ್ಮಿಸಿ, ಮತ್ತೆ ಮೊದಲಿನಿಂದ ಶುರು. ಕೆಲವು ಸಲ ಬೆಳೆದ ನಾಯಿಗೆ ಅರಿವಳಿಕೆ ಕೊಟ್ಟು ಬಾಲವನ್ನೇ ತೆಗೆಯಬೇಕಾಗುತ್ತದೆ. ಮರಿಯಲ್ಲೇ ಮುಗಿಸಿಬಿಡೋಣ ಅಂತ ಹಳಬರಿಗೆ ಅನ್ನಿಸಿದ್ದರೆ ಅದು ಕ್ರೌರ್ಯದಿಂದ ಅಲ್ಲ.

ಲೆಕ್ಕ ಕೂಡ ಅವರ ಪರ ಇದೆ. ಸ್ಕಾಟ್ಲೆಂಡಿನಲ್ಲಿ 2007ರಿಂದ ಬಾಲ ಕತ್ತರಿಸುವುದು ಪೂರ್ತಿ ಬಂದ್ ಆಯಿತು. ಬೇಟೆ ನಾಯಿ ಸಾಕುವವರು ಒಪ್ಪಲಿಲ್ಲ. ಆಮೇಲೆ ಗ್ಲಾಸ್ಗೋ ವಿಶ್ವವಿದ್ಯಾಲಯದವರು 2010-11ರ ಬೇಟೆ ಹಂಗಾಮಿನಲ್ಲಿ ಕೆಲಸ ಮಾಡಿದ ನಾಯಿಗಳ ಬಗ್ಗೆ ಅವುಗಳ ಮಾಲೀಕರನ್ನು ಕೇಳಿ ಲೆಕ್ಕ ತೆಗೆದರು. ಬಾಲ ಉಳಿಸಿದ ಸ್ಪ್ಯಾನಿಯಲ್‌ಗಳಲ್ಲಿ ನೂರಕ್ಕೆ 56ಕ್ಕೂ ಜಾಸ್ತಿ ನಾಯಿಗಳಿಗೆ ಆ ಒಂದೇ ಹಂಗಾಮಿನಲ್ಲಿ ಒಮ್ಮೆಯಾದರೂ ಬಾಲಕ್ಕೆ ಪೆಟ್ಟಾಗಿತ್ತು. ಅರ್ಧಕ್ಕಿಂತ ಹೆಚ್ಚು! 2017ರಲ್ಲಿ ಅಲ್ಲಿಯ ಸರ್ಕಾರ ಕಾನೂನು ಸಡಿಲಿಸಿತು. ಸ್ಪ್ಯಾನಿಯಲ್ ಮತ್ತು ಪಾಯಿಂಟರ್ ಥರದ ಕೆಲವು ಬೇಟೆ ನಾಯಿಗಳಿಗೆ ಮಾತ್ರ, ಹುಟ್ಟಿದ 5 ದಿನದೊಳಗೆ, ಪಶುವೈದ್ಯರ ಕೈಯಿಂದಲೇ, ಬಾಲದ ತುದಿಯ ಮೂರನೇ ಒಂದು ಭಾಗ ಮೀರದಂತೆ.

ಈ ಕಾಗದವನ್ನು ನಿಮ್ಮ ಮಾವನಿಗೆ ಓದಿ ಹೇಳಿ, ಅವರಿಗೆ ಖುಷಿಯಾಗುತ್ತದೆ. ಆದರೆ ಇಲ್ಲಿಗೇ ನಿಲ್ಲಿಸಬೇಡಿ. ಅಲ್ಲಿ ಇನ್ನೊಂದು ಷರತ್ತಿದೆ. ಈ ಮರಿ ಮುಂದೆ ಬೇಟೆ ಕೆಲಸಕ್ಕೇ ಹೋಗುತ್ತದೆ ಅಂತ ವೈದ್ಯರಿಗೆ ಮೊದಲು ಪುರಾವೆ ತೋರಿಸಬೇಕು. ಇಂಗ್ಲೆಂಡಿನಲ್ಲೂ 2006ರ ಪ್ರಾಣಿ ಕಲ್ಯಾಣ ಕಾಯ್ದೆ ಬಂದಮೇಲೆ ಹೀಗೇ. ಕೋವಿಯ ಪರವಾನಗಿ ತೋರಿಸಿ, ಇಲ್ಲವೇ ಬೇಟೆ ನಡೆಯುವ ಜಮೀನಿನವರ ಪತ್ರ ತನ್ನಿ ಅನ್ನುತ್ತಾರೆ. ವೈಟ್‌ಫೀಲ್ಡಿನವರು ಏನು ತರುತ್ತಾರೆ? ಲಿಫ್ಟ್ ಮೇಂಟೆನೆನ್ಸಿನ ರಸೀದಿಯಾ?

ಇನ್ನೊಂದು ಲೆಕ್ಕವೂ ಇದೆ. ಮನೆಯ ನಾಯಿ, ಕೆಲಸದ ನಾಯಿ ಎಲ್ಲ ಸೇರಿಸಿ ಬ್ರಿಟನ್ನಿನ ಪಶು ಆಸ್ಪತ್ರೆಗಳ ದಾಖಲೆ ನೋಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಬಾಲಕ್ಕೆ ಗಾಯವಾಗಿದ್ದು ನೂರಕ್ಕೆ 0.23ರಷ್ಟು ನಾಯಿಗಳಿಗೆ. ಒಂದು ಗಾಯ ತಪ್ಪಿಸಲು ಸುಮಾರು 500 ನಾಯಿಗಳ ಬಾಲ ಕತ್ತರಿಸಬೇಕು ಅಂತ ಅವರು ಗುಣಿಸಿ ಹೇಳಿದರು. ಎರಡು ಲೆಕ್ಕದಲ್ಲಿ ಯಾವುದೂ ಸುಳ್ಳಲ್ಲ. ಮೊದಲನೆಯದು ನಿಮ್ಮ ಮಾವನ ತಂದೆಯ ನಾಯಿಯದು. ಎರಡನೆಯದು ನಿಮ್ಮ ಮೈದುನನ ಸ್ನೇಹಿತರ ನಾಯಿಯದು.

ಬೇಟೆ ನಾಯಿ ಅಂದಮೇಲೆ ಬಾಲ ಮೋಟಾಗಿರಬೇಕು ಅನ್ನುವುದೂ ಸುಮ್ನೆ ಮಾತು. ಲ್ಯಾಬ್ರಡಾರ್ ಬೇಟೆಯ ನಾಯಿಯೇ, ಬಿದ್ದ ಹಕ್ಕಿಯನ್ನು ಬಾಯಲ್ಲಿ ಹಿಡಿದು ತರಲು ಬೆಳೆಸಿದ್ದು. ಅದರ ಬಾಲಕ್ಕೆ ಯಾರೂ ಕೈ ಹಾಕಲಿಲ್ಲ. ನಮ್ಮ ಮುಧೋಳ ನಾಯಿಯನ್ನೇ ನೋಡಿ. ಮೊಲದ ಹಿಂದೆ ಬಿದ್ದು ಪೂರ್ತಿ ವೇಗದಲ್ಲಿ ಗಕ್ಕನೆ ತಿರುಗುವಾಗ ಆ ಉದ್ದ ಬಾಲವೇ ಅದರ ಚುಕ್ಕಾಣಿ. 2016ರಲ್ಲಿ ಸೇನೆಯವರು ಮುಧೋಳ ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಕರೆದೊಯ್ದಾಗಲೂ ಬಾಲ ಸಮೇತವೇ ಕರೆದೊಯ್ದರು. ಎರಡು ಸಾವಿರ ವರ್ಷದ ಹಿಂದೆ ರೋಮಿನ ಕೃಷಿ ಪಂಡಿತನೊಬ್ಬ, ಮರಿಗೆ 40 ದಿನವಾದಾಗ ಬಾಲದ ತುದಿಯನ್ನು ಕಚ್ಚಿ ತೆಗೆದರೆ ಹುಚ್ಚು ಹಿಡಿಯುವುದಿಲ್ಲ ಅಂತ ಬರೆದಿಟ್ಟಿದ್ದ. ಹೌದು, ಹಲ್ಲಿನಲ್ಲಿ. ನಮ್ಮ ಹಳ್ಳಿಗಳಲ್ಲಿ ಬಾಲ, ಕಿವಿ ಕತ್ತರಿಸಿದರೆ ನಾಯಿ ಜೋರಾಗುತ್ತದೆ ಅನ್ನುತ್ತಾರೆ. ಕಾರಣ ಊರಿಗೊಂದು, ಕತ್ತರಿ ಮಾತ್ರ ಎಲ್ಲ ಕಡೆ.

ತೋಟದಲ್ಲೇ ಒಂದು ಮರಿ ಉಳಿಸಿಕೊಂಡರೂ ಬೇಟೆ ಎಲ್ಲಿದೆ ಹೇಳಿ? 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಕಾಡುಕೋಳಿ ಹಿಂದೆ ಕೋವಿ ಹಿಡಿದು ಹೋಗುವ ಕಾಲ ಮುಗಿಯಿತು. ನಿಮ್ಮ ನಾಯಿ ಮಂಗ ಓಡಿಸುತ್ತದೆ, ಜೀಪು ಬಂದರೆ ಬೊಗಳುತ್ತದೆ ಅಂತ ನೀವೇ ಬರೆದಿದ್ದೀರಿ. ಲಂಟಾನ ಪೊದೆಗೆ ನುಗ್ಗಿ ಎಂದಾದರೂ ಬಾಲದ ತುದಿ ಗೀರಿಕೊಂಡರೆ ತೊಳೆದು, ಬ್ಯಾಂಡೇಜ್ ಸುತ್ತಿ, ಡಾಕ್ಟರಿಗೆ ತೋರಿಸಿ. ತುದಿಯ ಉದ್ದ ಕೂದಲನ್ನು ಆಗಾಗ ಕತ್ತರಿಸಿಡಿ, ಕತ್ತರಿಗೆ ಅಷ್ಟು ಕೆಲಸ ಸಾಕು. ಮಲೆನಾಡಿನ ತೋಟದ ನಾಯಿಗೆ ನಿಜವಾದ ಶತ್ರು ಉಣ್ಣಿ. ಉಣ್ಣಿ ಜ್ವರದಲ್ಲಿ ಎಷ್ಟು ನಾಯಿಗಳು ಹೋಗುತ್ತವೆ! ಅದರ ಬಗ್ಗೆ ನಿಮ್ಮ ಮನೆಯಲ್ಲಿ ಯಾರೂ ಪಂಚಾಯಿತಿ ಸೇರಿಸಿದ ಹಾಗೆ ಕಾಣಲಿಲ್ಲ.

ರಬ್ಬರ್ ಬ್ಯಾಂಡ್ ವಿಷಯಕ್ಕೆ ಬರುತ್ತೇನೆ. ಅದು ರಕ್ತ ನಿಲ್ಲಿಸಿ, ಬಾಲವನ್ನು ಜೀವಂತ ಮರಿಯ ಮೈಮೇಲೆಯೇ ಸಾಯಿಸಿ, ದಿನಗಳ ಮೇಲೆ ಉದುರಿಸುತ್ತದೆ. ಕಣ್ಣು ಬಿಡದ ಮರಿಗೆ ನೋವಾಗುವುದಿಲ್ಲ ಅನ್ನುವ ಮಾತನ್ನು ನೀವು ನಂಬಬೇಕಿಲ್ಲ, ನೀವೇ ಕಿವಿಯಾರೆ ಕೇಳಿದ್ದೀರಿ. ಕಾನೂನಿನ ಪ್ರಕಾರವೂ ರೈಟರ್ ಈ ಕೆಲಸ ಮಾಡುವಂತಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿಯ ಅಂಗ ಊನ ಮಾಡುವುದು ಅಪರಾಧ. ದನದ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಪೋಣಿಸುವುದು, ಇವಕ್ಕೆ ಕ್ರಮಬದ್ಧವಾಗಿ ಮಾಡಿದರೆ ವಿನಾಯಿತಿ ಇದೆ. ಆ ಪಟ್ಟಿಯಲ್ಲಿ ನಾಯಿಯ ಬಾಲ ಇಲ್ಲ.

ಈಗ ಮೈದುನ. ಈ ಅಂಕಣ ಓದುವವರಿಗೆ ಗೊತ್ತು, ದೂರದಲ್ಲಿ ಕೂತು ಫೋನಿನಲ್ಲಿ ಊರಿನ ಮನೆ ನಡೆಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇವರು ಹೆರಿಗೆ ನೋಡುವುದಿಲ್ಲ, ರಾತ್ರಿ ಎದ್ದು ಮರಿಗಳಿಗೆ ಬೆಚ್ಚಗೆ ಮಾಡುವುದಿಲ್ಲ, ನೆಲ ಒರೆಸುವುದಿಲ್ಲ. ಫೋಟೋ ಕೇಳುತ್ತಾರೆ. ಹುಟ್ಟದ ಮರಿಗೆ ಅಡ್ವಾನ್ಸ್ ತೆಗೆದುಕೊಂಡು, ಅಪ್ಪನ ಹಳೇ ನಂಬಿಕೆಯನ್ನು ಮುಂದೆ ಬಿಟ್ಟು, ತಾನು ಹಿಂದೆ ನಿಂತಿದ್ದಾನೆ. ಬಾಲ ಕತ್ತರಿಸು ಅಂತ ಅವನು ಒಮ್ಮೆಯೂ ಬಾಯಿ ಬಿಟ್ಟು ಹೇಳಿಲ್ಲ, ಗಮನಿಸಿದಿರಾ? "ಬ್ರೀಡ್ ಥರ ಕಾಣಲ್ಲ" ಅಂದ, ಅಷ್ಟೇ. ಹಣದ ಮಾತನ್ನು ಹಿರಿಯರ ಸಂಪ್ರದಾಯಕ್ಕೆ ಸುತ್ತಿ ಕೊಡುವವರ ಬಗ್ಗೆ ಹಿಂದೆ ಒಡವೆ ವಿಷಯದಲ್ಲೂ ಬರೆದಿದ್ದೆ, ಸೈಟಿನ ವಿಷಯದಲ್ಲೂ ಬರೆದಿದ್ದೆ. ಈಗ ನಾಯಿಮರಿಯ ಸರದಿ. ಅಂದಹಾಗೆ 2017ರ ನಿಯಮದ ಪ್ರಕಾರ ತಳಿ ಬೆಳೆಸಿ ಮರಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು, 8 ವಾರ ತುಂಬದ ಮರಿಯನ್ನು ಕೊಡುವಂತಿಲ್ಲ. ಅಡ್ವಾನ್ಸ್ ಎಣಿಸುವಾಗ ಅವನಿಗೆ ಇದು ನೆನಪಿದ್ದ ಹಾಗಿಲ್ಲ.

ಆ ಮರಿ ಹೋಗುವ ಜಾಗದಲ್ಲಿ ಬಾಲದ ಅಗತ್ಯ ಇನ್ನೂ ಜಾಸ್ತಿ. ಕೆನಡಾದಲ್ಲಿ ಸಂಶೋಧಕರು ಯಂತ್ರದ ನಾಯಿಯೊಂದಕ್ಕೆ ಒಮ್ಮೆ ಉದ್ದ ಬಾಲ, ಒಮ್ಮೆ ಮೋಟು ಬಾಲ ಹಾಕಿ ಪಾರ್ಕಿನಲ್ಲಿ ಬಿಟ್ಟು ನೋಡಿದರು. ಉದ್ದ ಬಾಲ ಅಲ್ಲಾಡಿದಾಗ ದೊಡ್ಡ ನಾಯಿಗಳು ಧೈರ್ಯವಾಗಿ ಹತ್ತಿರ ಬಂದವು, ಸೆಟೆದು ನಿಂತಾಗ ಹಿಂಜರಿದವು. ಮೋಟು ಬಾಲ ಅಲ್ಲಾಡಿದರೂ ಒಂದೇ, ನಿಂತರೂ ಒಂದೇ, ಅವುಗಳಿಗೆ ಏನೂ ಗೊತ್ತಾಗಲಿಲ್ಲ. ಒಂದೇ ಲಿಫ್ಟಿನಲ್ಲಿ ಮೂರು ಮನೆಯ ನಾಯಿಗಳು ಮುಖಾಮುಖಿಯಾಗುವ ಅಪಾರ್ಟ್‌ಮೆಂಟಿಗೆ ಇದೇ ಮುಖ್ಯ ಅಲ್ವಾ?

ನಿಮಗೂ ಒಂದು ಮಾತು. "ನಾನು ಪೇಟೆಯವಳು, ನನಗೇನು ಗೊತ್ತು" ಅನ್ನುವುದನ್ನು ಬಿಡಿ. ಹೋದ ಸಲದ ಆರು ಮರಿಗಳನ್ನು ಬಾಟಲಿ ಹಾಲು ಕುಡಿಸಿ ಬೆಳೆಸಿದ್ದು ನೀವು ಅಂತ ನೀವೇ ಬರೆದಿದ್ದೀರಿ. ಆ ಮನೆಯಲ್ಲಿ ನಾಯಿಮರಿ ಬಗ್ಗೆ ನಿಮಗಿಂತ ಜಾಸ್ತಿ ಗೊತ್ತಿರುವವರು ಯಾರೂ ಇಲ್ಲ. ನಿಮ್ಮ ಗಂಡನ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅವರೂ ಏನೂ ಹೇಳಿಲ್ಲವಲ್ಲ.

ಮಾವನ ಹತ್ತಿರ ಜಗಳಕ್ಕೆ ಹೋಗಬೇಡಿ. ಅಲ್ಲಿ ಗೆಲ್ಲುವಂಥದ್ದು ಏನೂ ಇಲ್ಲ, ವಯಸ್ಸಾದವರ ಮನಸ್ಸು ಕಹಿಯಾಗುತ್ತದೆ ಅಷ್ಟೇ. ನೀವು ಮಾಡಬೇಕಾದ್ದು ಒಂದೇ ಕೆಲಸ. ಮೈದುನನಿಗೆ ನೀವೇ ಫೋನ್ ಮಾಡಿ. ಗಂಡನ ಕೈಲಿ ಮಾಡಿಸಬೇಡಿ. ಹೀಗೆ ಹೇಳಿ: "ಈ ಸಲ ಮರಿಗಳ ಬಾಲ ಹಾಗೇ ಇರುತ್ತದೆ. ಬಾಲ ಇರುವ ಮರಿ ಬೇಕು ಅನ್ನುವವರ ಹೆಸರು ಮಾತ್ರ ಕೊಡು. ಉಳಿದವರ ಅಡ್ವಾನ್ಸ್ ವಾಪಸ್ ಮಾಡು." ಹಣ ವಾಪಸ್ ಮಾಡಬೇಕು ಅಂದಕೂಡಲೇ ಅಪ್ಪನಿಗೆ ಹೇಗೆ ಹೇಳಬೇಕು ಅನ್ನುವ ಚಿಂತೆ ಅವನದಾಗುತ್ತದೆ, ಅವನೇ ಹೇಳುತ್ತಾನೆ. ಕಿರಿಮಗ ಬೇಡ ಅಂದರೆ ಆ ಮನೆಯಲ್ಲಿ ರಬ್ಬರ್ ಬ್ಯಾಂಡ್ ಹೊರಗೆ ಬರುವುದಿಲ್ಲ, ನಿಮ್ಮ ಪತ್ರ ಓದಿದ ನನಗೇ ಇಷ್ಟು ಗೊತ್ತಾಗಿದೆ. ಇವತ್ತೇ ಮಾಡಿ. ಅವನು ಫೋನ್ ಎತ್ತದಿದ್ದರೆ ಇದೇ ಮೂರು ಸಾಲನ್ನು ಮನೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿ.